ಗೀಟಿಲ್ಲದ ಪೆಟ್ಟಿಗೆ

ಅತ್ತಿಗೆಗೆ, ಮಕ್ಕಳಿಗೆ, ತಕ್ಕಡಿ ಮೇಷ್ಟ್ರನ್ನು ನೆನೆಯೋಕೆ ಸೇರಿರೋ ನಮ್ಮ ಶೂಟಿಂಗ್ ಕ್ಲಬ್ಬಿನ ಎಲ್ಲರಿಗೂ ನಮಸ್ಕಾರ.

ನಿನ್ನೆ ಮಧ್ಯಾಹ್ನ ತಕ್ಕಡಿ ಮೇಷ್ಟ್ರ ಮೇಜಿನ ಮೇಲೆ ಒಂದು ಪೆಟ್ಟಿಗೆ ಸಿಕ್ಕಿದೆ. ಒಳಗೆ ಐವತ್ತು ತೋಟೆ, ಅವರೇ ತುಂಬಿದ್ದು. ತೋರಿಸಿದವಳು ಅವರ ಮಗಳು. "ಚಿಕ್ಕಪ್ಪ, ನಾಡಿದ್ದು ಅಪ್ಪನ ನೆನಪಿಗೆ ಇವನ್ನೇ ಹಾರಿಸೋಣ. ಮೊದಲನೇದು ನಾನು" ಅಂದಳು. ನಾನು ಹೂಂ ಅಂದೆ. ಆಗಿನಿಂದ ಕೂತಲ್ಲಿ ಕೂರೋಕಾಗ್ತಿಲ್ಲ.

ಇಪ್ಪತ್ತಾರು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕೋವಿ ರಿಪೇರಿ ಮಾಡಿದವನು ನಾನು. ಮೇಷ್ಟ್ರು, ಹಾರಿಸಿ ಉಳಿದ ತೋಟೆಯ ಹಿತ್ತಾಳೆ ಕೊಳವೆಗಳನ್ನು ತೊಳೆದು, ಮದ್ದು ತೂಗಿ ಹಾಕಿ, ಗುಂಡು ಕೂರಿಸಿ, ಪ್ರೆಸ್ಸಿನ ಹಿಡಿಕೆಯನ್ನು ಹೀಗೆ — ಹೀಗೆ ಎಳೆಯೋರು. ಪ್ರೆಸ್ಸು ಅವರಪ್ಪನದು. ಹಿಡಿಕೆ ಅಂಗೈ ಆಕಾರಕ್ಕೆ ಸವೆದಿತ್ತು. ಕ್ಲಬ್ಬಿಗೆ ಕರೆಂಟಿನ ಯಂತ್ರ ಬಂತು, ಗಂಟೆಗೆ ನಾನೂರು ತೋಟೆ ತುಂಬೋದು. ಆದರೂ ನೀವೆಲ್ಲ ಖಾಲಿ ಕೊಳವೆ ಚೀಲಕ್ಕೆ ತುಂಬಿಕೊಂಡು ಇವರ ಬಾಗಿಲಿಗೇ ಬಂದಿರಿ. ಯಂತ್ರದ್ದು, ಇವರದ್ದು ಎರಡನ್ನೂ ಹಾರಿಸಿ ಗುರಿಹಲಗೆ ಅಳೆದಿದ್ದೀನಿ. ಕೂದಲಷ್ಟೂ ವ್ಯತ್ಯಾಸ ಇಲ್ಲ. ಅವರಿಗೂ ಗೊತ್ತಿತ್ತು.

"ಮತ್ಯಾಕೆ ಬರ್ತಾರೆ ಮೇಷ್ಟ್ರೇ?"

"ಹಿಡಿಕೆ ಎಳೆಯೋಕೆ ಕಣಯ್ಯ. ನೀನೂ ದಿನಾ ಬರ್ತೀಯಲ್ಲ, ಇಲ್ಲೇನು ನಿನಗೆ ರಿಪೇರಿ ಕೆಲಸ?"

ಅವರದ್ದೊಂದು ಕಟ್ಟುನಿಟ್ಟು ಇತ್ತು. ಮದ್ದು ಹಾಕುವಾಗ ಯಾರೂ ಮಾತಾಡಬಾರದು. ಮಾತಾಡಿದರೋ — ಲೆಕ್ಕ ತಪ್ಪಿತೇನೋ ಅಂತ ಇಡೀ ತಟ್ಟೆಯ ಮದ್ದು ಸುರಿದು ಮೊದಲಿಂದ. ಅಧ್ಯಕ್ಷರು ಒಮ್ಮೆ ಹೋಗಿ ನಮಸ್ಕಾರ ಅಂದುಬಿಟ್ಟರು. "ಸಾರ್, ನಿಮ್ಮ ಒಂದು ನಮಸ್ಕಾರಕ್ಕೆ ನಲವತ್ತು ತೋಟೆ ಹೋಯ್ತು" ಅಂದರು ಮೇಷ್ಟ್ರು. ಅಧ್ಯಕ್ಷರು ನಗ್ತಿದ್ದಾರೆ, ನೋಡಿ.

ಕಳೆದ ಗುರುವಾರ — ಅವರ ಕೊನೆಯ ದಿನ — ನಾನು ಬಾಗಿಲಲ್ಲಿ ತಲೆ ಹಾಕಿ "ಮೇಷ್ಟ್ರೇ, ಟೀ ಆರ್ತಿದೆ" ಅಂದೆ. ಮದ್ದಿನ ಚಮಚ ಕೈಯಲ್ಲಿತ್ತು. ಬೈಯಲಿಲ್ಲ. "ಬಂದೆ" ಅಂದರು. ಅವರು ಬೈಯದೇ ಇದ್ದದ್ದು ಅದೊಂದೇ ಸಲ. ನಾನು ಹೊರಟುಬಂದೆ. ಆಮೇಲೆ ತಟ್ಟೆ ಸುರಿದರೋ, ಇಲ್ಲವೋ — ಗೊತ್ತಿಲ್ಲ. ಶುಕ್ರವಾರ ಬೆಳಗ್ಗೆ ಅವರು ಏಳಲಿಲ್ಲ.

ಪ್ರತಿ ತೋಟೆಯ ತೂಕ ಮತ್ತೆ ನೋಡಿ ಮುಗಿಸಿದ ಮೇಲೆ ಪೆಟ್ಟಿಗೆ ಮುಚ್ಚಳಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಗೀಟು ಹಾಕೋರು. ಈ ಪೆಟ್ಟಿಗೆ ಮೇಲೆ ಗುರುವಾರದ ತಾರೀಖು ಇದೆ. ಗೀಟು ಇಲ್ಲ.

ಒಂದರಲ್ಲಿ ಮದ್ದು ಎರಡು ಸಲ ಬಿದ್ದಿದ್ದರೂ ಸಾಕು, ಕೋವಿ ಕೈಯಲ್ಲೇ ಒಡೆಯುತ್ತೆ. ಮೊದಲು ಹಿಡಿಯೋದು ಈ ಮಗು. ಮಗಳೇ, ನಿನ್ನೆ ನಾನು ಹೂಂ ಅಂದಿದ್ದು ತಪ್ಪು. ಮಾತಾಡಿದವನು ನಾನು — ಅದನ್ನು ಒಪ್ಪಿಕೊಳ್ಳೋ ಧೈರ್ಯ ಇರಲಿಲ್ಲ. ಈಗ ಎಲ್ಲರೆದುರೂ ಹೇಳ್ತಿದ್ದೀನಿ: ಇವನ್ನು ಹೀಗೇ ಹಾರಿಸೋದು ಬೇಡ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಅವರ ಕೋಣೆಯಲ್ಲಿ ಐವತ್ತನ್ನೂ ಬಿಚ್ಚಿ, ಮದ್ದು ಸುರಿದು, ಮೊದಲಿಂದ ತುಂಬುತ್ತೇವೆ. ಹಾರಿಸೋದು ಆಮೇಲೆ. ಹಿಡಿಕೆ ಎಳೆಯೋದು ಮಗಳು. ತೂಕ ನಾನು ನೋಡ್ತೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಯಾರಾದರೂ ಮಾತಾಡಿದರೆ ಮೊದಲಿಂದ.