ಒಂಬತ್ತು ಚೈನಿನ ಹೂ

ಇಲ್ಲ ಗೆರ್ಟ್ರೂಡ್ ಬಾಯಿ, ಚಾ ಬೇಡ. ಮೊದಲು ಈ ಮಗುವಿನ ಟೊಪ್ಪಿ ನೋಡಿ. ಬೆಳಕಿಗೆ ಹಿಡಿದು ನೋಡಿ! ಮೇಲಿನ ಉಲ್ಲನ್ ಹೂ ಯಾರು ಹೆಣೆದದ್ದು? ನಾನು, ಈ ಕುಶಲಾ, ಅಂತೀರಲ್ಲ? ಅಲ್ಲ! ಜಲಜಾಕ್ಷಿ! ದೇರೆಬೈಲಿನಿಂದ ನಡೆದುಕೊಂಡು ಬಂದು ಮೂರು ವರ್ಷ ನನ್ನ ಚಾಪೆಯ ಮೇಲೆ ಕೂತು ಕಲಿತವಳು. ಮೊನ್ನೆ ಕೈಕೆಲಸದ ಪ್ರದರ್ಶನದಲ್ಲಿ ಇದಕ್ಕೇ ಮೊದಲ ಬಹುಮಾನ. ಚೀಟಿ ಬೇರೆ ಅಂಟಿಸಿದ್ದಾಳೆ: "ಸ್ವಂತ ಕಲ್ಪನೆ. ಯಾರಿಂದಲೂ ಕಲಿತದ್ದಲ್ಲ."

ಎಂತ ನಗಾಡ್ತೀರಿ? ಹೌದು, ದುಡ್ಡು ಕೊಟ್ಟೇ ತಂದದ್ದು! ನನ್ನ ಹೂವನ್ನು ನಾನೇ ಕ್ರಯಕ್ಕೆ ತಂದೆ. ನಗಿ, ನಗಿ.

ನಾನು ದೂರು ಕೊಟ್ಟದ್ದಕ್ಕೆ ಪ್ರದರ್ಶನ ನಡೆಸಿದ ಮಹಿಳಾ ಸಮಾಜದವರು ನಾಳೆ ಕರೆದಿದ್ದಾರೆ. ನಿನ್ನದು ಅನ್ನಲಿಕ್ಕೆ ಗುರುತು ಎಂತ ಉಂಟು ಅಂತ ಕೇಳ್ತಾರೆ. ಉಂಟಲ್ಲ! ಹೂವಿನ ನಮೂನೆ ಬಂದಿದ್ದ ಆ ಪತ್ರಿಕೆಯ ಹೆಂಗಸರ ಪುಟದಲ್ಲಿ ಎಸಳಿಗೆ ೬ ಚೈನು ಕುಣಿಕೆ ಅಂತ ಅಚ್ಚಾಗಿತ್ತು. ಅದನ್ನು ೯ ಅಂತ ಓದಿದ್ದಕ್ಕೆ ಎಸಳು ಉದ್ದ ಆಗಿ ತುದಿ ಹೀಗೆ ಮಗುಚಿಕೊಂಡಿತು. ಬಿಚ್ಚಲಿಲ್ಲ ನಾನು. ಅದೇ ಚೆಂದ ಕಂಡಿತು. ಅತ್ತಾವರದ ಬಾಣಂತಿಯರೆಲ್ಲ "ಆ ಮಗುಚಿದ ಹೂವಿನ ಟೊಪ್ಪಿ" ಅಂತ ಕೇಳಿಯೇ ಕೊಂಡರು. ಪತ್ರಿಕೆ ನೋಡಿ ಹೆಣೆದವರಿಗೆ ಆರು ಬರಬೇಕು. ಒಂಬತ್ತು ಬಂದರೆ ಅದು ನನ್ನಿಂದ ಹೋದದ್ದೇ!

ಇಗೊಳ್ಳಿ, ಕಾಗದ ಬರೆದು ತಂದಿದ್ದೇನೆ. ನಿಮ್ಮ ಸಹಿ ಒಂದು ಸಾಕು. ಮೂವತ್ತು ವರ್ಷ ಟೀಚರ್ ಆಗಿದ್ದವರು ನೀವು, ನಿಮ್ಮ ಮಾತು ಅವರು ತಳ್ಳಿಹಾಕುವುದಿಲ್ಲ. ಓದ್ತೇನೆ, ಕೇಳಿ. "ಕುಶಲಾ ಆ ಪತ್ರಿಕೆಯನ್ನು ತಾನೇ ಓದಿ, ಯಾರ ಸಹಾಯವೂ ಇಲ್ಲದೆ ಈ ಹೂ ಹೆಣೆದದ್ದಕ್ಕೆ ನಾನು ಸಾಕ್ಷಿ." ಅಷ್ಟೇ.

ಪೆನ್ನು ಹಿಡಿಯಿರಿ.

ಯಾಕೆ? ಕನ್ನಡಕ ಯಾಕೆ ತೆಗೆದಿರಿ? ಹಾಕಿಕೊಳ್ಳಿ ಮಾರಾಯ್ರೆ! ಅವತ್ತು ಅದು ಒಡೆದುಹೋಗಿಯೇ ಅಲ್ವಾ ನೀವು ಆರನ್ನು ಒಂಬತ್ತು ಅಂತ...

ಹಾಗೆ ನೋಡಬೇಡಿ.

ಆಯಿತು! ನೀವೇ ಓದಿದ್ದು. ನಿಮ್ಮ ಜಗಲಿಯಲ್ಲಿ ನಾನು ಹೆಣೆಯುತ್ತಾ ಕೂತಿದ್ದೆ, ನೀವು ಕಣ್ಣು ಕಿರಿದು ಮಾಡಿ ಒಂದೊಂದೇ ಸಾಲು ಓದಿ ಹೇಳಿದಿರಿ. ಕೊಕ್ಕೆಕಡ್ಡಿ ಹಿಡಿಯಲಿಕ್ಕೆ ಕಲಿಸಿದ್ದು... ಅದೂ ನೀವೇ. ನಾನು ಬೀಡಿ ಕಟ್ಟುತ್ತಿದ್ದವಳು. ಆಗ ನನಗೆ ಒಂದು ಅಕ್ಷರ ಬರ್ತಿರಲಿಲ್ಲ.

ಆದರೆ ಆಮೇಲೆ ಕಲಿತೆನಲ್ಲ? ಬೀಡಿ ಕಟ್ಟಿನ ಲೇಬಲ್ ನೋಡಿ, ಸಾಮಾನು ಕಟ್ಟಿದ ಪೇಪರ್ ನೋಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ! ಅದಕ್ಕೆ ಯಾರೂ ಇರಲಿಲ್ಲ ಬಾಯಿ, ದೇವರಾಣೆ ಯಾರೂ ಇರಲಿಲ್ಲ. ಆ ಒಂದು ನಿಜದ ಜೊತೆ ಇದನ್ನೂ ಸೇರಿಸಿಬಿಟ್ಟೆ. ಟೊಪ್ಪಿ ಕೊಳ್ಳಲಿಕ್ಕೆ ಬಂದ ಆಸ್ಪತ್ರೆಯ ನರ್ಸಮ್ಮ ಎಂಟು ವರ್ಷದ ಹಿಂದೆ ಒಮ್ಮೆ "ಹೂ ಹೆಣೆಯಲಿಕ್ಕೆ ಯಾರು ಕಲಿಸಿದ್ದು?" ಅಂತ ಕೇಳಿದಳು. "ಯಾರೂ ಇಲ್ಲ" ಅಂದೆ. ಎಷ್ಟು ಸುಲಭಕ್ಕೆ ಬಂತು ನನ್ನ ಬಾಯಿಗೆ! ಆಮೇಲೆ ಎಲ್ಲರ ಹತ್ತಿರವೂ ಅದೇ. ಜಲಜಾಕ್ಷಿಯ ಹತ್ತಿರವೂ.

ನಿಮ್ಮ ಕಿವಿಗೆ ಬಿದ್ದಿರಬೇಕು. ಹೌದಲ್ಲ? ಯಾವಾಗ? ಮೊದಲ ವರ್ಷವೇ?

ಮತ್ತೆ ಯಾಕೆ ಬೈಯಲಿಲ್ಲ? ಪ್ರತಿ ಕ್ರಿಸ್ಮಸಿಗೆ ತಟ್ಟೆ ತುಂಬ ಕುಸ್ವಾರ್ ತಿಂಡಿ ಕಳಿಸಿದಿರಿ... ನಾನು ತಿಂದೆ.

ಮೊನ್ನೆಯಿಂದ ನನಗೆ ಊಟ ಸೇರುವುದಿಲ್ಲ. ಎರಡೇ ದಿನ!

ಎಂಟು ವರ್ಷ ನೀವು ಹೇಗೆ ಊಟ ಮಾಡಿದಿರಿ, ಬಾಯಿ?