ಬೀಗ ಹಾಕಿದ ಸುದ್ದಿ

ತಾನು ಬರೆದ ವರದಿಯಿಂದ ವ್ಯಾಪಾರ ಇಳಿದಿದೆಯೇ ಎಂದು ನೋಡಲು ಪತ್ರಕರ್ತೆ ಯೂನಿಂಗ್ ಕಾವೋಶ್ಯುಂಗ್ ನಗರದ ಮಾರುಕಟ್ಟೆ ಬೀದಿಗೆ ಬಂದು, ಕರಿದ ತೋಫು ಮಾರುವ ಅಂಗಡಿಯ ಸಾಲಿನಲ್ಲಿ ನಿಂತಳು. ಸಾಲು ಎಂದಿನಷ್ಟೇ ಉದ್ದವಿತ್ತು. ಅವಳ ಮುಂದಿದ್ದ ಇಬ್ಬರು ಹೆಂಗಸರು ಫೋನಿನಲ್ಲಿ ಅದೇ ವರದಿ ನೋಡುತ್ತಿದ್ದರು.

“ಜಿನ್‌ಮೇ ಅಕ್ಕ, ಈ ಬೀದೀಲಿ ಯಾರೋ ಚರಂಡಿಯಿಂದ ಎತ್ತಿ ಸೋಸಿದ ಎಣ್ಣೇಲಿ ಕರೀತಾರಂತೆ.”

“ಯಾರಂತೆ?”

“ಅಷ್ಟು ಹೇಳಿ ಬೀಗ ಹಾಕಿದಾರೆ. ಚಂದಾ ಕಟ್ಟಿದ್ರೆ ಮುಂದಿಂದು ಕಾಣುತ್ತಂತೆ.”

“ಸುದ್ದಿಗೂ ದುಡ್ಡಾ? ಇವರೇನು ಅದನ್ನ ಕರಿದು ಕೊಡ್ತಾರಾ?”

“ಇನ್ನೊಂದು ಪತ್ರಿಕೇಲಿ ಪುಕ್ಕಟೆ ಇದೆ ನೋಡಿ. ಊರಿಗೇ ಒಳ್ಳೇ ತೋಫು ಈ ಅಂಗಡೀದು ಅಂತ ಬರೆದಿದಾರೆ.”

“ಪತ್ರಿಕೆ ಅಂದ್ರೆ ಅದು.”

“ಕೆಳಗಡೆ ಈ ಅಂಗಡಿಯವರದೇ ಜಾಹೀರಾತೂ ಇದೆ.”

“ಒಳ್ಳೇದೇ ಆಯ್ತು, ಹೊಸಬರಿಗೆ ವಿಳಾಸ ಹುಡುಕೋದು ತಪ್ತು.”

ಯೂನಿಂಗ್‌ಗೆ ತಡೆಯಲಾಗಲಿಲ್ಲ. “ಆಂಟಿ, ಆ ಚರಂಡಿ ಎಣ್ಣೆ ಈ ಅಂಗಡೀದೇ. ವರದಿ ಬರೆದೋಳು ನಾನು. ತಿಂಗಳುಗಟ್ಟಲೆ ಇವರ ಹಿತ್ತಲು ಕಾದಿದೀನಿ.”

ಜಿನ್‌ಮೇ ಅವಳನ್ನು ಮೇಲಿಂದ ಕೆಳಗೆ ನೋಡಿ, ಗೆಳತಿಯ ತೋಳು ಹಿಡಿದು ಸಾಲಿನಿಂದ ಹೊರಬಂದಳು.

“ನೋಡ್ದೇನೇ ಬಾವೋಯು? ಸ್ವಲ್ಪ ತಡೆದ್ರೆ ಎಲ್ಲಾ ಪುಕ್ಕಟೇನೇ ಸಿಗುತ್ತೆ,” ಎನ್ನುತ್ತ ಅವಳು ಪಕ್ಕದ ನೂಡಲ್ಸ್ ಅಂಗಡಿಯತ್ತ ನಡೆದಳು.