ಬಚ್ಚಮ್ಮನ ಮನೆಯ ಕೂಗು

ಬನ್ನಿ ಮಕ್ಕಳೇ, ಹತ್ತಿರ ಕೂತು ಕೇಳಿ. ನನ್ನಜ್ಜಿಯ ಅಜ್ಜಿಯೂ ಕಾಣದ ಒಂದು ಸೀಮೆ. ಅಲ್ಲಿ ಕಡಲು ಸೇರುವ ಒಂದು ಹೊಳೆ. ಹೊಳೆಯ ನಡುವೆ ಒಂದು ಕುದ್ರು. ಸುತ್ತ ನೀರು, ನಡುವೆ ಅಂಗೈಯಗಲ ನೆಲ, ಅದರಲ್ಲಿ ಹನ್ನೆರಡೇ ಮನೆ.

ಮನೆಗೊಂದು ದೋಣಿ, ದೋಣಿಗೊಂದು ಕೂಗು. ಕೂಗು ಯಾಕೆ ಅಂತೀರಾ? ಅಲ್ಲಿ ಮಂಜು ಬಿದ್ದರೆ ನಮ್ಮ ಕೈ ನಮಗೇ ಕಾಣದು. ದಡದ ತುಂಬ ಬಂಡೆ. ಮನೆಯ ಮಕ್ಕಳು ದೋಣಿ ಕಟ್ಟುವ ತಮ್ಮ ತಮ್ಮ ಕಡವಿನಲ್ಲಿ ನಿಂತು ಕೂಗಬೇಕು, ಆ ದನಿ ಹಿಡಿದು ದೋಣಿ ಬರಬೇಕು. ಹೆತ್ತ ಮಕ್ಕಳು ಕೂಗಿದರೆ ಮಾತ್ರ ದೋಣಿ ಬರುತ್ತದೆ, ಬೇರೆಯವರು ಕೂಗಿದರೆ ಬಂಡೆಗೆ ಬಡಿಯುತ್ತದೆ. ಇದು ಅಲ್ಲಿನ ಕಟ್ಟಳೆ.

ಕೊನೇ ಮನೆ ಬಚ್ಚಮ್ಮನದು. ಗಂಡನಿಲ್ಲ, ಮಕ್ಕಳಿಲ್ಲ. ಹೊಳೆಯಲ್ಲಿ ಚಿಪ್ಪು ಆಯ್ದು ಬದುಕುವವಳು. ಕೂಗುವವರಿಲ್ಲ ಅಂತ ಮಂಜು ಏಳುವ ಮೊದಲೇ ಮನೆಗೆ ಓಡಿ ಬರುವವಳು. ಒಮ್ಮೆ ಆಚೆ ದಡದಲ್ಲಿ ಜ್ವರಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡ ಒಂದು ಕೂಸು ಸಿಕ್ಕಿತು. ಹೆಸರು ಗುಲಾಬಿ. ಬಚ್ಚಮ್ಮ ಚಿಪ್ಪಿನ ಬುಟ್ಟಿ ಬದಿಗೆ ಸರಿಸಿ ಕೂಸನ್ನು ಕೂರಿಸಿಕೊಂಡು ಬಂದಳು.

ಗುಲಾಬಿ ಬೆಳೆದಳು. ಊರಿನ ಹಿರಿಯ ತಿಮ್ಮಜ್ಜನ ಹತ್ತಿರ ಹೋಗಿ, "ಅಜ್ಜಾ, ನಾನೂ ಕೂಗಲಾ?" ಅಂದಳು. ಬೇಡ ಅಂದ. ಮರುವರ್ಷ ಕೇಳಿದಳು. ಬೇಡ ಅಂದ. ಮೂರನೇ ವರ್ಷವೂ ಕೇಳಿದಳು. "ನೀನು ಸಾಕಿದ ಕೂಸು ಮಗಾ, ಹೆತ್ತದ್ದಲ್ಲ" ಅಂದ. ಕೆಟ್ಟವನಲ್ಲ ಮುದುಕ. ಬೇರೆಯವರ ಕೂಗು ಹಿಡಿದು ಬಂದ ತಮ್ಮನ ದೋಣಿ ಬಂಡೆಗೆ ಬಡಿದು ಒಡೆದದ್ದನ್ನು ಕಣ್ಣಾರೆ ಕಂಡವನು. ಆದರೆ ಆ ಮಾತು ಗುಲಾಬಿಗೆ ಅನ್ನ ಉಣ್ಣುವಾಗಲೂ ನೆನಪಾಗುತ್ತಿತ್ತು.

ಒಂದು ಬೆಳಗ್ಗೆ ಮಂಜು ಬೇಗ ಎದ್ದಿತು. ಮಕ್ಕಳು ಕೂಗಿದರು, ದೋಣಿಗಳು ಬಂದವು. ಒಂದು ಬಂತು, ಎರಡು ಬಂತು, ಹನ್ನೊಂದು ಬಂತು. ಬಚ್ಚಮ್ಮನದು ಬರಲಿಲ್ಲ. ನೀರು ಇಳಿಯುತ್ತಿತ್ತು, ದೋಣಿಯನ್ನು ಕಡಲಿಗೆ ಎಳೆಯುತ್ತಿತ್ತು.

ಗುಲಾಬಿ ತಮ್ಮ ಕಡವಿಗೆ ಓಡಿದಳು. ಹಿಂದೆಯೇ ಬಂದ ತಿಮ್ಮಜ್ಜ ಅವಳ ರಟ್ಟೆ ಹಿಡಿದ.

"ಕೂಗಬೇಡ ಮಗಾ. ನೀನೇ ಅವಳನ್ನು ಕೊಂದ ಹಾಗಾದೀತು."

ಕೇಳಿದಿರಾ? ಕೂಗಿದರೆ ಬಂಡೆ, ಕೂಗದಿದ್ದರೆ ಕಡಲು. ನೀವಾಗಿದ್ದರೆ ಏನು ಮಾಡ್ತಿದ್ದಿರಿ?

ಗುಲಾಬಿ ಕೈ ಬಿಡಿಸಿಕೊಂಡಳು. ಒಮ್ಮೆ ಬಾಯಿ ತೆರೆದಳು, ದನಿ ಬರಲಿಲ್ಲ. ಇನ್ನೊಮ್ಮೆ ಕೂಗಿದಳು, ದನಿ ಒಡೆಯಿತು. ಮೂರನೇ ಸಲ ಹೊಟ್ಟೆಯೊಳಗಿಂದ ಎದ್ದು ಬಂತು: "ಓ... ಓ... ಓಯ್!"

  ಅವಳು ನಿಲ್ಲಿಸದೆ ಕೂಗಿದಳು. ಆಮೇಲೆ ದೂರದಲ್ಲಿ ಹುಟ್ಟು ಹಾಕುವ ಸದ್ದು. ಬಂಡೆಗಳ ನಡುವೆ ನುಸುಳಿ ದೋಣಿಯ ಮೂತಿ ನೆಟ್ಟಗೆ ಅವಳ ಕಾಲ ಬುಡಕ್ಕೇ ಬಂತು.

ಬಚ್ಚಮ್ಮ ಇಳಿದಳು. ಮೈಯೆಲ್ಲ ಒದ್ದೆ. ಹುಡುಗಿಯನ್ನು ಎದೆಗೊತ್ತಿಕೊಂಡು ತಿಮ್ಮಜ್ಜನನ್ನು ನೋಡಿದಳು.

"ಅಜ್ಜಾ, ಹೆತ್ತ ಮಕ್ಕಳು ಕೂಗಿದರೆ ಮಾತ್ರ ದೋಣಿ ಬರ್ತದೆ ಅಂದಿದ್ದಿರಲ್ಲ. ದೋಣಿ ಬಂದಿದೆ, ಕಾಣಿ. ಈಗ ಹೇಳಿ, ಇವಳನ್ನು ಹೆತ್ತವಳು ಯಾರು?"

ಮುದುಕನಿಗೆ ಕಣ್ಣೀರು ಬಂತು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ನೆನೆದ ತಾಯಿಗೂ ಮಗಳಿಗೂ ಒಟ್ಟಿಗೆ ಹೊದೆಸಿದ.

ಅವರು ಅವರ ಕುದ್ರುವಿನಲ್ಲಿ, ನಾವು ನಮ್ಮ ಜಗಲಿಯಲ್ಲಿ. ಕಥೆ ದಡ ಸೇರಿತು. ನಿಮ್ಮ ಮನೆಯಿಂದ ಯಾರೋ ಕೂಗ್ತಿದ್ದಾರೆ, ಏಳಿ ಮಕ್ಕಳೇ, ಹೋಗಿ.